ಒಬ್ರೇನಾ ಅಮ್ಮ?

ದೋಸೆ ಹುಯ್ಯುವವರು ಬಿಸಿ ದೋಸೆ ತಿಂದದ್ದನ್ನು ನಾನು ಈವರೆಗೆ ಕಂಡಿಲ್ಲ. ಮೊದಲನೆಯ ದೋಸೆ ಹೇಗೂ ಕಾವಲಿಯಿಂದ ಏಳುವುದಿಲ್ಲ. ಕಿತ್ತು, ಮಡಚಿ, ಬದಿಗೊಂದು ತಟ್ಟೆಯಲ್ಲಿ ಇಡಬೇಕು. ಎರಡನೆಯದು ಆಫೀಸಿಗೆ ಹೊರಟವರಿಗೆ. ಮೂರನೆಯದು ಸ್ಕೂಲ್ ವ್ಯಾನು ಬಂದೇಬಿಟ್ಟಿತೆಂದು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ನಿಂತವರಿಗೆ. ನಾಲ್ಕನೆಯದು, "ನನಗೇನೂ ಅವಸರವಿಲ್ಲಮ್ಮ" ಎನ್ನುತ್ತಲೇ ಎಲ್ಲರಿಗಿಂತ ಮುಂಚೆ ತಟ್ಟೆ ಹಾಕಿಕೊಂಡು ಕೂತ ಮಾವನವರಿಗೆ. ಹೀಗೆ ಒಂದು ಸುತ್ತು, ಇನ್ನೊಂದು ಸುತ್ತು, "ಇನ್ನೊಂದು ಅರ್ಧ ಹಾಕು" ಎಂಬ ಕೊಸರು. ಎಲ್ಲ ಮುಗಿದು, ಒಲೆ ಆರಿಸಿ, ಹಿಟ್ಟಿನ ಪಾತ್ರೆಗೆ ನೀರು ಬಿಟ್ಟು ಕೂತಾಗ ನಮ್ಮ ತಟ್ಟೆಗೆ ಬರುವುದು ಆ ಹರಿದ ಮೊದಲನೆಯದು ಮತ್ತು ಪಾತ್ರೆ ಬಳಿದು ಹುಯ್ದ ಕೊನೆಯದು. ನಡುವಿನ ದೋಸೆಗಳ ಬಗ್ಗೆ ನಮಗಿರುವುದು ಬರೀ ಕೇಳಿ ತಿಳಿದ ಜ್ಞಾನ. "ಇವತ್ತು ಗರಿಗರಿ ಬಂದಿದೆ" ಎಂದು ಅವರು ಹೇಳುತ್ತಾರೆ, ನಾವು ನಂಬುತ್ತೇವೆ.

ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತಳಾದಾಗ ಸನ್ಮಾನದಲ್ಲಿ ಒಂದು ಶಾಲು, ಒಂದು ಗೋಡೆ ಗಡಿಯಾರ, ಜೊತೆಗೆ ಬೇಕಾದಷ್ಟು ಸಲಹೆ ಸಿಕ್ಕವು. ಯೋಗ ಮಾಡಿ, ಸಂಗೀತ ಕಲಿಯಿರಿ, ಕಾಶಿಗೆ ಹೋಗಿಬನ್ನಿ. ಬೆಳಿಗ್ಗೆ ಹೋಟೆಲಿಗೆ ಹೋಗಿ ಒಂದು ಬಿಸಿ ಮಸಾಲೆ ದೋಸೆ ತಿನ್ನಿ ಎಂದು ಯಾರೂ ಹೇಳಲಿಲ್ಲ. ಡಾಕ್ಟರು ನಡೆಯಲು ಹೇಳಿದ್ದರು. ಪಾರ್ಕಿನ ದಾರಿಯಲ್ಲಿ ಒಂದು ಹಳೇ ಹೋಟೆಲಿದೆ. ಬೆಳಗಿನ ಜಾವದ ತಂಗಾಳಿಯಲ್ಲಿ ಈರುಳ್ಳಿ ಪಲ್ಯದ ವಾಸನೆ ರಸ್ತೆಯ ತಿರುವಿನವರೆಗೂ ಬಂದು ಕಾಯುತ್ತದೆ. ಡಾಕ್ಟರ ಮಾತಿಗೂ ವಾಸನೆಯ ಮಾತಿಗೂ ನಡುವೆ ಕೆಲವು ದಿನ ಎಳೆದಾಟ ನಡೆಯಿತು. ನಡೆಯುತ್ತಲೇ ಹೋಟೆಲಿಗೆ ಹೋಗುವುದರಿಂದ ಇಬ್ಬರ ಮಾತನ್ನೂ ಉಳಿಸಿದಂತಾಗುತ್ತದೆ ಎಂದು ಆಮೇಲೆ ತೀರ್ಮಾನವಾಯಿತು.

ಗಂಡಸರು ಒಬ್ಬರೇ ಹೋಟೆಲಿಗೆ ಹೋದರೆ ಅದು ಹೋಟೆಲಿಗೆ ಹೋದದ್ದು, ಅಷ್ಟೇ. ಹೆಂಗಸು ಒಬ್ಬಳೇ ಹೋಗಿ ಕೂತಳೆಂದರೆ ಹಿಂದೆ ಏನೋ ಕತೆ ಇರಲೇಬೇಕು. ಮೊದಲ ವಾರದಲ್ಲೇ ಎದುರುಮನೆಯವರು, "ಗ್ಯಾಸ್ ಖಾಲಿಯಾಗಿದ್ರೆ ನಮ್ಮನೇಲಿ ಎಕ್ಸ್‌ಟ್ರಾ ಸಿಲಿಂಡರ್ ಇದೆ ನೋಡಿ" ಎಂದರು. ನಾದಿನಿ ಫೋನು ಮಾಡಿದಳು. ಹವಾಮಾನ, ಮೊಮ್ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿ ಕೊನೆಗೆ ದನಿ ತಗ್ಗಿಸಿ, "ಅತ್ತಿಗೆ, ಮನೇಲಿ ಏನಾದ್ರೂ ಮಾತುಕತೆ ಆಯ್ತಾ?" ಎಂದು ಕೇಳಿದಳು. ಮಾತುಕತೆ ಏನೂ ಆಗಿರಲಿಲ್ಲ. ನಮ್ಮನೆಯವರು ಬೆಳಿಗ್ಗೆ ಹೊತ್ತು ಮಾತಾಡುವವರೇ ಅಲ್ಲ, ಪೇಪರು ಓದುವವರು. ಅವರ ತಿಂಡಿ ಮಾಡಿ, ಮುಚ್ಚಿಟ್ಟು ಬರುತ್ತಿದ್ದೆ. ನಾನು ಹೊಸಿಲು ದಾಟಿದ್ದೇ ಅವರಿಗೆ ತಡವಾಗಿ ಗೊತ್ತಾಯಿತು.

ಹೋಟೆಲಿನ ಮಟ್ಟಿಗೆ ನನ್ನದು ಪರದೆಯ ಹಿಂದಿನ ಬಾಲ್ಯ. ಮಲೆನಾಡಿನ ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಎದುರು ಒಂದು ಹೋಟೆಲಿತ್ತು. ಒಳಗೆ ಹೋದರೆ ದೊಡ್ಡ ಹಜಾರ, ಕಲ್ಲು ಹಾಸಿನ ಮೇಜುಗಳು, ಗೋಡೆಗೆ ಆಳೆತ್ತರದ ಕನ್ನಡಿ, ರೇಡಿಯೋ. ಅದೆಲ್ಲ ಇದ್ದದ್ದು ಗಂಡಸರಿಗೆ. ಕೊನೆಯ ಮೂಲೆಯಲ್ಲಿ ಕೈ ತೋರಿಸುವ ಒಂದು ಚಿತ್ರ, ಪಕ್ಕದಲ್ಲಿ "ಫ್ಯಾಮಿಲಿ ರೂಂ" ಎಂಬ ಬರಹ. ರೂಮೆಂದರೆ ಎದೆಮಟ್ಟಕ್ಕಿಂತ ತುಸು ಎತ್ತರದ ಹಲಗೆ ಅಡ್ಡ ಇಟ್ಟು, ಒಂದು ಕಡೆ ಪರದೆ ಬಿಟ್ಟಿದ್ದು. ಪರದೆಯ ಮೂಲ ಬಣ್ಣ ಯಾವುದೆಂದು ಹೇಳಬಲ್ಲವರು ಆಗಲೇ ತೀರಿಕೊಂಡಿದ್ದರು. ಫ್ಯಾನು ಹಜಾರದಲ್ಲಿತ್ತು, ನೊಣ ನಮ್ಮ ಕಡೆ. ಮಾಣಿಗೆ ನಾವು ಅಲ್ಲಿದ್ದೇವೆ ಎಂಬುದು ನೆನಪಾಗುವುದು ಅವನು ಸಾಂಬಾರಿನ ಬಕೆಟ್ಟು ಇಡಲು ಆ ಮೂಲೆಗೆ ಬಂದಾಗ. ಬಂದವನು ಪರದೆ ಸರಿಸಿ ಅಪ್ಪನ ಮುಖ ನೋಡಿ ಕೇಳುತ್ತಿದ್ದ. ಅಪ್ಪ ಅಮ್ಮನನ್ನು ಕೇಳುತ್ತಿದ್ದರು, ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು, ಅಪ್ಪ ಮಾಣಿಗೆ ಹೇಳುತ್ತಿದ್ದರು. ಇಷ್ಟೆಲ್ಲ ಬಾಯಿ ದಾಟಿಕೊಂಡು ಹೋಗುವ ಸುದ್ದಿ ಪ್ರತಿ ಸಲವೂ ಒಂದೇ: "ಬನ್ಸ್ ಇದ್ರೆ ಬನ್ಸು, ಇಲ್ದಿದ್ರೆ ಏನಾದ್ರೂ ಸರಿ." ಅಮ್ಮ ತನ್ನ ಬಾಯಿಂದ ಮಾಣಿಗೆ ಏನನ್ನೂ ಹೇಳಿ ತರಿಸಿದ್ದನ್ನು ನಾನು ನೋಡಿಲ್ಲ. ನನಗಂತೂ ಪರದೆಯ ಕೆಳಗೆ ಕಾಣುತ್ತಿದ್ದ ಕಾಲುಗಳೇ ಹೋಟೆಲು. ಚಪ್ಪಲಿಗಳು ಓಡಾಡುತ್ತಿದ್ದವು, ಪಂಚೆಯ ಅಂಚುಗಳು ಕೂರುತ್ತಿದ್ದವು, ಏಳುತ್ತಿದ್ದವು, ಆಚೆಯಿಂದ ಭಾರೀ ನಗು ಕೇಳುತ್ತಿತ್ತು. ಯಾಕೆ ನಕ್ಕರೆಂದು ಇಂದಿಗೂ ಗೊತ್ತಿಲ್ಲ.

ಇದನ್ನು ಹೆಂಗಸರ ಗೋಳೆಂದು ಬರೆಯಲು ಹೊರಟರೆ ಅದು ಅರ್ಧ ಕತೆಯಾದೀತು. ಹೋಟೆಲಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಲೆಕ್ಕ ನಮ್ಮಿಂದ ಶುರುವಾದದ್ದಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ ಇರುತ್ತಿತ್ತು. ದಲಿತರಿಗೆ ಯಾವ ಕೋಣೆಯೂ ಇಲ್ಲ, ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕು. ಆ ಬೇರೆ ಲೋಟ ಕೆಲವು ಊರುಗಳಲ್ಲಿ ಬಹಳ ಕಾಲ ಉಳಿಯಿತು, ಇನ್ನೂ ಎಲ್ಲ ಕಡೆ ಮಾಯವಾಗಿಲ್ಲ. ಅದಕ್ಕೇ ಇರಬೇಕು, 1950ರ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಅಂಗಡಿ, ಹೋಟೆಲುಗಳನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ದೇಶ ಕಟ್ಟುವ ಅಷ್ಟು ದೊಡ್ಡ ದಾಖಲೆಯಲ್ಲಿ ಇಡ್ಲಿ ತಿನ್ನುವ ಮೇಜಿಗೂ ಜಾಗ ಇಟ್ಟವರು ಹೋಟೆಲನ್ನು ಚೆನ್ನಾಗಿ ಬಲ್ಲವರೇ ಆಗಿರಬೇಕು.

ಹಳೆಯ ಹೆಸರುಗಳಲ್ಲಿ ಆ ಕಾಲದ ಗುರುತು ಈಗಲೂ ಇದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು ಆಮೇಲೆ. ಶಂಕರಪುರದಲ್ಲಿ 1965ರಲ್ಲಿ ಶುರುವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಹೆಸರನ್ನು ಹಾಗೇ ಉಳಿಸಿಕೊಂಡಿದೆ. ಅಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಂಬಾರು ಕೇಳಿದರೆ ಇಲ್ಲ. ಚಟ್ನಿ ಮಾತ್ರ ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಬೋರ್ಡಿನಲ್ಲಿ ಏನೇ ಬರೆದಿರಲಿ, ಚಟ್ನಿ ಹಾಕುವವನ ಮುಂದೆ ಊರಿನ ಎಲ್ಲ ಜಾತಿಯವರೂ ತಟ್ಟೆ ಒಡ್ಡಿಕೊಂಡು ನೂಕಾಡುತ್ತಿರುತ್ತಾರೆ. ಜಾತಿ ವಿನಾಶಕ್ಕೆ ಇಷ್ಟೇ ಸಾಕೆಂದಲ್ಲ. ಆದರೆ ಬಾಯಿ ತುಂಬಿದ್ದಾಗ ಗೋತ್ರ ಕೇಳುವುದು ಕಷ್ಟ.

ಎಂಟಿಆರ್ ವಿಷಯ ಬಂದದ್ದಕ್ಕೆ ಒಂದು ಮಾತು. ಅಲ್ಲಿ ಹಿಂದೆ ಗಿರಾಕಿಗಳನ್ನು ಅಡುಗೆಮನೆಯ ಮೂಲಕವೇ ಒಳಗೆ ಬಿಡುತ್ತಿದ್ದರು, ಎಷ್ಟು ಶುಚಿಯಾಗಿದೆ ನೋಡಿಕೊಂಡು ಹೋಗಿ ಎಂದು. ಒಳ್ಳೆಯ ಪದ್ಧತಿಯೇ. ಆದರೆ ನನ್ನಂಥವರನ್ನು ಅಡುಗೆಮನೆ ದಾಟಿಸಿಕೊಂಡು ಹೋದರೆ ನಾವು ಅಲ್ಲೇ ನಿಂತು ಒಗ್ಗರಣೆಗೆ ಕೈಹಾಕುವ ಅಪಾಯವಿದೆ. ರವೆ ಇಡ್ಲಿ ಹುಟ್ಟಿದ್ದೂ ತಮ್ಮಲ್ಲೇ ಎಂದು ಅವರು ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಕ್ಕಿಗೆ ತತ್ವಾರ ಬಂತು, ಆಗ ಗೋಧಿ ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ನಾನು ಈ ಕತೆಯನ್ನು ನಂಬುತ್ತೇನೆ, ರವೆ ಇಡ್ಲಿಯ ಮೇಲೆ ನನಗೆ ಗೌರವವೂ ಇದೆ. ಅಕ್ಕಿ ಇಲ್ಲದ ದಿನ ಇದ್ದದ್ದರಲ್ಲಿ ಏನಾದರೊಂದು ಮಾಡಿ ಬಡಿಸುವುದು ನಮ್ಮ ಅಜ್ಜಿಯರ ನಿತ್ಯದ ಕೆಲಸವೇ ಆಗಿತ್ತಲ್ಲ ಎಂದು ಮಾತ್ರ ಅನಿಸುತ್ತದೆ. ಅಂಥದ್ದು ಚರಿತ್ರೆಗೆ ಸೇರಬೇಕಾದರೆ ಮುಂದೆ ಒಂದು ಬೋರ್ಡೂ ಒಂದು ಗಲ್ಲಾಪೆಟ್ಟಿಗೆಯೂ ಇರಬೇಕು.

ಕಾಲೇಜಿಗೆಂದು ಬೆಂಗಳೂರಿಗೆ ಬಂದಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ಹೋಗುತ್ತಿದ್ದೆವು. ಅದು 1943ರಷ್ಟು ಹಿಂದಿನ ಹೋಟೆಲು, ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿಯೇ ಶುರುವಾದದ್ದು. ಹೆಸರಿನಲ್ಲೇ ನಮಗೆ ಆಹ್ವಾನವಿತ್ತು. ಆದರೂ ಇಬ್ಬರೇ ಎಂದೂ ಹೋಗುತ್ತಿರಲಿಲ್ಲ. ಒಂದು ಮೇಜನ್ನು ಪೂರಾ ತುಂಬುವಷ್ಟು ಜನ ಸೇರಿದ ಮೇಲೆಯೇ ಹೊರಡುವುದು, ಪಕ್ಕದಲ್ಲಿ ಅಪರಿಚಿತರಿಗೆ ಜಾಗ ಉಳಿಯಬಾರದಲ್ಲ. ಅಲ್ಲಿಯ ಸಪ್ಲೈಯರು ಒಂದು ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಭುಜದವರೆಗೂ ಪೇರಿಸಿಕೊಂಡು ಬರುತ್ತಾರೆ. ಎಷ್ಟು ತಟ್ಟೆ ಎಂದು ಎಣಿಸುವುದರಲ್ಲಿ ನಾವು ಎಂದೂ ಒಮ್ಮತಕ್ಕೆ ಬರಲಿಲ್ಲ. ಹಿಂದೆಯೇ ಇನ್ನೊಬ್ಬರು ಚಟ್ನಿ ಹುಯ್ದುಕೊಂಡು ಬರುತ್ತಾರೆ. ನನ್ನ ಪಾಲಿನ ಮೊದಲ ನಿಜವಾದ ಬಿಸಿ ದೋಸೆ ಅಲ್ಲಿಯದು. ಕೆಂಪಗೆ, ದಪ್ಪಗೆ, ಬೆಣ್ಣೆಯಿಂದ ಒದ್ದೆಯಾಗಿ. ನಾಲಿಗೆ ಸುಟ್ಟುಕೊಂಡೆ. ಆ ಹೊತ್ತಿಗೆ ಗೊತ್ತಾದದ್ದು, ಅಪ್ಪ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾಕೆ ಅಷ್ಟು ಖುಷಿಯಾಗಿರುತ್ತಿದ್ದರು ಎಂದು.

ಹೆಂಗಸರ ಪಾಲಿಗೆ ಬೆಂಗಳೂರಿನ ದೊಡ್ಡ ಸುಧಾರಣೆ ಯಾವುದೆಂದು ಕೇಳಿದರೆ ನಾನು ದರ್ಶಿನಿ ಎನ್ನುತ್ತೇನೆ. 1980ರ ದಶಕದಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಆಮೇಲೆ ಬೀದಿಗೊಂದು ಆಯಿತು. ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ನೀವೇ ತಟ್ಟೆ ಎತ್ತಿಕೊಳ್ಳಿ, ಎತ್ತರದ ಮೇಜಿನ ಮುಂದೆ ನಿಂತು ತಿನ್ನಿ, ಹೊರಡಿ. ಕೂರುವ ಪ್ರಶ್ನೆಯೇ ಇಲ್ಲವಾದ ಮೇಲೆ ಯಾರ ಎದುರು ಯಾರು ಕೂರಬೇಕೆಂಬ ಪ್ರಶ್ನೆ ಎಲ್ಲಿಂದ ಬರಬೇಕು? ಬಸ್ಸಿಗೆ ಓಡುತ್ತಿದ್ದ ನಮ್ಮಂಥ ನೌಕರಿಯ ಹೆಂಗಸರು ಮಹಾ ಧೈರ್ಯವೇನೂ ಮಾಡದೆ ಅಲ್ಲಿ ಒಬ್ಬೊಬ್ಬರೇ ನಿಂತು ಇಡ್ಲಿ ತಿಂದೆವು. ಯಾರೂ ತಿರುಗಿ ನೋಡಲಿಲ್ಲ, ನೋಡಲು ಪುರಸೊತ್ತೂ ಇರಲಿಲ್ಲ. ಒಂದೇ ಕೊರತೆ. ದಿನವೆಲ್ಲ ಅಡುಗೆಮನೆಯಲ್ಲಿ ನಿಂತೇ ತಿಂದು ಅಭ್ಯಾಸವಾದವರಿಗೆ ದುಡ್ಡು ಕೊಟ್ಟೂ ನಿಂತೇ ತಿನ್ನುವುದು ಸ್ವಲ್ಪ ನಷ್ಟದ ವ್ಯಾಪಾರ.

ಪಾರ್ಕಿನ ದಾರಿಯ ಹೋಟೆಲು ನನಗೆ ಒದಗಿದ್ದು ಈ ಕಾರಣಕ್ಕೇ. ಅಲ್ಲಿ ಕೂರಬಹುದು. ಅದರ ಹೆಸರು ಬೇಡ, ಹೆಸರುವಾಸಿಯೂ ಅಲ್ಲ. ಯಾರೂ ಕಾರು ನಿಲ್ಲಿಸಿ ಫೋಟೋ ತೆಗೆಯುವುದಿಲ್ಲ. ಗಲ್ಲಾದ ಮೇಲೆ ಉಡುಪಿಯ ಕೃಷ್ಣ, ಹೊರನಾಡಿನ ಅನ್ನಪೂರ್ಣೇಶ್ವರಿ, ಅವರಿಬ್ಬರ ನಡುವೆ ಹೋಟೆಲು ಕಟ್ಟಿದ ಹಿರಿಯರ ಪಟ, ಅದಕ್ಕೊಂದು ಮಿಣುಕುವ ಕೆಂಪು ಬಲ್ಬು. ಮೂವರಿಗೂ ಒಂದೇ ಊದುಬತ್ತಿಯಲ್ಲಿ ಪೂಜೆ. ಉಳಿದ ಗೋಡೆಯೆಲ್ಲ ಬರಹ. "ರಾಜಕೀಯ ಮಾತನಾಡಬಾರದು." "ಕೈ ತೊಳೆಯುವಲ್ಲಿ ತಲೆ ಬಾಚಬಾರದು." "ತಿಂಡಿ ತಟ್ಟೆಯಲ್ಲಿ ಕೈ ತೊಳೆಯಬಾರದು." "ಹೆಚ್ಚು ಹೊತ್ತು ಕುಳಿತುಕೊಳ್ಳಬಾರದು." "ಚಿಲ್ಲರೆ ಕೊಟ್ಟು ಸಹಕರಿಸಿ." ಒಂದೊಂದು ಬೋರ್ಡೂ ಯಾರೋ ಒಬ್ಬರ ನಡವಳಿಕೆಯಿಂದ ಹುಟ್ಟಿರಬೇಕೆಂದು ನನಗೆ ಗುಮಾನಿ. ಆ ತಲೆ ಬಾಚಿದ ಮಹಾನುಭಾವ ಯಾರಿರಬಹುದು, ಅವನಿಗೆ ಆ ದಿನ ಎಂಥ ಮುಖ್ಯವಾದ ಕೆಲಸವಿತ್ತೋ ಎಂದು ಯೋಚಿಸುತ್ತಾ ಕೂತರೆ ದೋಸೆ ಬರುವವರೆಗೆ ಹೊತ್ತು ಹೋಗುತ್ತದೆ. ರಾಜಕೀಯದ ಬೋರ್ಡಿನ ಅಡಿಯಲ್ಲೇ ರಾಜಕೀಯ ಮಾತಾಡುವವರ ಖಾಯಂ ಮೇಜು ಇದೆ. ಬೋರ್ಡು ಅವರ ಬೆನ್ನ ಹಿಂದಿರುವುದರಿಂದ ಅವರು ಅದನ್ನು ಓದಿದ ಹಾಗಿಲ್ಲ.

ನಾನು ಹೋದ ಹೊಸದರಲ್ಲಿ ಸಪ್ಲೈಯರ್ ಬಾಗಿಲಲ್ಲೇ ತಡೆದು, "ಒಬ್ರೇನಾ ಅಮ್ಮ?" ಎಂದು ಕೇಳಿದ. ಹಿಂದೆ ಯಾರಾದರೂ ಬರುತ್ತಿರಬಹುದೆಂದು ನನ್ನ ಭುಜದಾಚೆ ಬೀದಿಯನ್ನೂ ಒಮ್ಮೆ ನೋಡಿದ. ಒಬ್ಬಳೇ ಎಂದೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವನದು ಜಾಗದ ಲೆಕ್ಕ. ಇಬ್ಬರಾದರೆ ಕಿಟಕಿಯ ಕಡೆ, ನಾಲ್ವರಾದರೆ ಹಿಂದೆ. ಒಬ್ಬ ಗಂಡಸಾದರೆ ಎಲ್ಲಿ ಖಾಲಿಯೋ ಅಲ್ಲಿ ತುರುಕಬಹುದು. ಒಬ್ಬ ಹೆಂಗಸಿಗೆ ಅವನ ಲೆಕ್ಕದಲ್ಲಿ ಕಲಮು ಇರಲಿಲ್ಲ. ಸ್ವಲ್ಪ ತಡಕಾಡಿ, ಗಲ್ಲಾಕ್ಕೆ ಹತ್ತಿರವಾದ ಮೂಲೆಯ ಮೇಜಿಗೆ ಒಯ್ದು ಕೂರಿಸಿದ. ಯಜಮಾನರ ಕಣ್ಣಳತೆಯಲ್ಲಿ ಇರಲಿ ಎಂದಿರಬೇಕು. ಅದು ನನ್ನ ರಕ್ಷಣೆಗೋ, ಉಳಿದವರ ರಕ್ಷಣೆಗೋ ಗೊತ್ತಾಗಲಿಲ್ಲ.

ಆಮೇಲೆ ಅವನ ಪಾರಾಯಣ. "ಇಡ್ಲಿ ವಡೆ ಖಾರಾಬಾತ್ ಕೇಸರಿಬಾತ್ ಚೌಚೌಬಾತ್ ಪೂರಿ ಸೆಟ್‌ದೋಸೆ ಖಾಲಿದೋಸೆ ಮಸಾಲೆ, ರವೆದೋಸೆ ಲೇಟಾಗ್ತದೆ." ಒಂದೇ ಉಸಿರು. ಕುಂದಾಪುರದ ಕಡೆಯ ದನಿ. ಕೊನೆಯ ವಾಕ್ಯ ಬೆಳಿಗ್ಗೆ ಏಳಕ್ಕೂ ನಿಜ, ಹನ್ನೊಂದಕ್ಕೂ ನಿಜ. ರವೆ ದೋಸೆ ಲೇಟಾಗದ ಹೋಟೆಲು ಕರ್ನಾಟಕದಲ್ಲಿ ಇದ್ದರೆ ಅಲ್ಲಿ ಏನೋ ಮೋಸವಿದೆ. ಗಿರಾಕಿಗಳು ಪಟ್ಟಿಯನ್ನು ಕೊನೆಯವರೆಗೂ ಕೇಳಿ, ಗಂಭೀರವಾಗಿ ಯೋಚಿಸಿ, "ಒಂದು ಮಸಾಲೆ" ಎನ್ನುತ್ತಾರೆ. ನಿನ್ನೆಯೂ ಅದನ್ನೇ ಹೇಳಿದ್ದರು. ಸಪ್ಲೈಯರಿಗೂ ಅದು ಗೊತ್ತು, ಅವನು ಅರ್ಧಕ್ಕೇ ಅಡುಗೆಮನೆಯ ಕಡೆ ಮುಖ ತಿರುಗಿಸಿರುತ್ತಾನೆ. ಆದರೂ ಪಟ್ಟಿ ಪೂರ್ತಿ ಹೇಳಿಸಿಕೊಳ್ಳಬೇಕು. ನನಗೆ ಆ ಪಟ್ಟಿ ಕೇಳುವುದೇ ಒಂದು ಸುಖ. ಇಷ್ಟು ವರ್ಷ ಬೆಳಿಗ್ಗೆ ತಿಂಡಿ ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವಳು ನಾನು. ಇಲ್ಲಿ ಬೇರೊಬ್ಬರು ನೆನೆಹಾಕಿ, ರುಬ್ಬಿ, ಹುದುಗು ಬರಿಸಿ, ಉತ್ತರವನ್ನೂ ತಯಾರು ಮಾಡಿಟ್ಟುಕೊಂಡು ಬಂದು ನನ್ನ ಪ್ರಶ್ನೆ ಏನೆಂದು ಕೇಳುತ್ತಾರೆ.

ಇಡ್ಲಿ ಹೇಳಿದರೆ ಇನ್ನೊಂದು ಸವಾಲಿದೆ: "ಸಾಂಬಾರ್ ಡಿಪ್ಪಾ, ಸಪ್ರೇಟಾ?" ಇದರ ಮೇಲೆ ಸ್ನೇಹ ಮುರಿದುಕೊಂಡವರಿದ್ದಾರೆ. ನಾನು ಸಪ್ರೇಟ್ ಪಕ್ಷ. ಮುಳುಗಿಸಿದ ಇಡ್ಲಿಗೆ ತನ್ನದೇ ಅಭಿಪ್ರಾಯ ಉಳಿಯುವುದಿಲ್ಲ. ಆದರೆ ವಡೆ ಮುಳುಗಲೇಬೇಕು. ಈ ಎರಡು ನಿಲುವುಗಳ ನಡುವೆ ವಿರೋಧವಿದೆ ಎಂದು ರಾಜಕೀಯದ ಮೇಜಿನವರು ವಾದಿಸಿದರು. ಇರಲಿ.

ಹಂಚಿ ಕೂರುವ ಮೇಜಿಗೆ ಅದರದೇ ಕಾನೂನುಗಳಿವೆ. ಯಾವ ಗೋಡೆಯ ಮೇಲೂ ಬರೆದಿಲ್ಲ. ಕುರ್ಚಿ ಹಿಡಿದು "ಯಾರಾದ್ರೂ ಬರ್ತಾರಾ?" ಎಂದು ಕೇಳಬೇಕು, ಉತ್ತರ ಬರುವುದರೊಳಗೆ ಕೂರಬೇಕು. ಎದುರಿನವರ ತಟ್ಟೆ ನೋಡಬಹುದು, ಮುಖ ನೋಡಬಾರದು. ಪೇಪರು ಬಿಡಿಬಿಡಿಯಾಗಿ ಊರೆಲ್ಲ ತಿರುಗುತ್ತದೆ. ಸಿಕ್ಕ ಹಾಳೆಯನ್ನು ಓದಬೇಕು, ಮುಂದಿನ ಪುಟ ಎಲ್ಲಿ ಎಂದು ಕೇಳಬಾರದು. ಹೀಗಾಗಿ ನನಗೆ ಹಲವು ಕೊಲೆಗಳ ಮೊದಲ ಅರ್ಧ ಮಾತ್ರ ಗೊತ್ತು. ಜನ ಹೆಚ್ಚಾದ ಭಾನುವಾರ ನಿಮ್ಮ ಬೆನ್ನಿಗೇ ಒಬ್ಬರು ಬಂದು ನಿಲ್ಲುತ್ತಾರೆ. ಏನೂ ಅನ್ನುವುದಿಲ್ಲ, ನೀವು ನುಂಗುವುದನ್ನು ಎಣಿಸುತ್ತಾರೆ. ಅವರಿಗೆ ಹೆದರಿ ಕಾಫಿ ಬಿಟ್ಟು ಏಳುವವರು ಹೋಟೆಲಿಗೆ ಹೊಸಬರು. ಬಲ್ಲವರು ಅಂಥ ಹೊತ್ತಿನಲ್ಲೇ ಇನ್ನೊಂದು ವಡೆ ಹೇಳುತ್ತಾರೆ.

ನಾನು ಎದುರು ಕೂತರೆ ಗಂಡಸರಲ್ಲಿ ಆಗುವ ಬದಲಾವಣೆ ನೋಡುವಂಥದ್ದು. ಅಲ್ಲಿಯವರೆಗೆ ಸಾಂಬಾರನ್ನು ಬಟ್ಟಲೆತ್ತಿ ಸೊರ್ರೆಂದು ಕುಡಿಯುತ್ತಿದ್ದವರು ತಟ್ಟನೆ ಚಮಚ ಹುಡುಕುತ್ತಾರೆ. ವಡೆಯನ್ನು ಚಮಚದಿಂದ ತುಂಡು ಮಾಡಲು ಹೋಗಿ ಅದು ಜಾರಿ ಪಕ್ಕದ ಮೇಜಿಗೆ ನೆಗೆಯುತ್ತದೆ. ಒಬ್ಬರಂತೂ ದೋಸೆಯನ್ನು ಎರಡೂ ಕೈಯಲ್ಲಿ ಹಿಡಿದವರು ನನ್ನನ್ನು ನೋಡಿ ಒಂದು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟರು. ಪಾಪ, ಅವರ ಮನೆಯಲ್ಲಿ ಯಾರೋ ಬೈಯುವವರು ಇರಬೇಕು, ಅದನ್ನು ತಪ್ಪಿಸಿಕೊಳ್ಳಲೆಂದೇ ಇಲ್ಲಿಗೆ ಬಂದಿರಬೇಕು ಎನಿಸಿತು. ನಾನು ಬೇಕೆಂದೇ ನನ್ನ ಸಾಂಬಾರ್ ಬಟ್ಟಲೆತ್ತಿ ಕುಡಿದೆ. ಅವರ ಕೈ ನಿಧಾನಕ್ಕೆ ಮೇಲೆ ಬಂತು. ಈಗ ಅವರು ನನ್ನನ್ನು ಕಂಡರೆ ತಲೆಯಾಡಿಸುತ್ತಾರೆ.

ಹೋಟೆಲಿನ ಒಳಗೆ ಬದಲಾಗಿರುವುದೂ ಬೇಕಾದಷ್ಟಿದೆ. ಐದು ಬೆರಳನ್ನು ಐದು ಲೋಟಕ್ಕೆ ಅದ್ದಿ ನೀರು ತಂದಿಡುತ್ತಿದ್ದ ಕಾಲ ಹೋಯಿತು, ಈಗ ಜಗ್ಗು ಇದೆ. ಅದಕ್ಕಾಗಿ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಮೇಜು ಒರೆಸುವ ಕ್ಲೀನರ್ ಹುಡುಗರು ನಾನು ಚಿಕ್ಕವಳಿದ್ದಾಗ ನನ್ನ ವಯಸ್ಸಿನವರೇ ಇರುತ್ತಿದ್ದರು. ಶಾಲೆ ಬಿಟ್ಟು ಘಟ್ಟ ಹತ್ತಿ ಬಂದವರು. ಅವರಲ್ಲಿ ಕೆಲವರು ಕ್ಲೀನರಿನಿಂದ ಸಪ್ಲೈಯರ್, ಸಪ್ಲೈಯರಿನಿಂದ ಭಟ್ಟರು, ಕೊನೆಗೆ ಯಜಮಾನರೂ ಆದರು. ಕಡಂದಲೆಯ ಕೃಷ್ಣರಾಯರು ಹೀಗೆ ಅಡುಗೆಮನೆಯ ಕೆಲಸದಿಂದ ಶುರುಮಾಡಿ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಆ ಕತೆಯನ್ನು ಎಲ್ಲರೂ ಹೇಳುತ್ತಾರೆ. ಕ್ಲೀನರಾಗಿ ಬಂದು ಕ್ಲೀನರಾಗಿಯೇ ಮುದುಕರಾದವರು ಇನ್ನೂ ಹೆಚ್ಚು, ಅವರ ಪಟಕ್ಕೆ ಬಲ್ಬು ಹಾಕುವವರಿಲ್ಲ. 2006ರಲ್ಲಿ ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದು ಕೇಂದ್ರ ಸರ್ಕಾರದ ಆಜ್ಞೆ ಬಂತು. ಈಗ ನಮ್ಮ ಹೋಟೆಲಿನ ಕ್ಲೀನರ್ ಅಸ್ಸಾಮಿನ ತರುಣ. ಅವನು ಕನ್ನಡ ಕಲಿತದ್ದು ಸಪ್ಲೈಯರಿನಿಂದ. ಹಾಗಾಗಿ ಬೆಂಗಳೂರಿನ ನಟ್ಟನಡುವೆ, ಬ್ರಹ್ಮಪುತ್ರೆಯ ದಡದಿಂದ ಬಂದವನು, ಶುದ್ಧ ಕರಾವಳಿಯ ರಾಗದಲ್ಲಿ "ಇದು ತೆಗೀಲಾ ಅಕ್ಕ?" ಎಂದು ಕೇಳುತ್ತಾನೆ.

ಕಾಫಿಯ ವಿಷಯದಲ್ಲಿ ಒಂಟಿಯಾಗಿ ಬರುವವರಿಗೆ ಒಂದು ಅನ್ಯಾಯವಿದೆ: ಬೈಟೂ ಹೇಳುವಂತಿಲ್ಲ. ನನಗೆ ಪೂರ್ತಿ ಲೋಟ ಹೆಚ್ಚು, ಡಾಕ್ಟರೂ ಬೇಡವೆಂದಿದ್ದಾರೆ. ಒಂದು ದಿನ ಎದುರಿಗೆ ಕೂತಿದ್ದ ಹೆಂಗಸು, "ಅಕ್ಕಾ, ಬೈಟೂ ಹೇಳೋಣ್ವಾ? ನಂಗೂ ಅರ್ಧಾನೇ ಬೇಕು" ಎಂದಳು. ಪಾರ್ಕಿನಾಚೆಯ ದೇವಸ್ಥಾನದ ಮುಂದೆ ಹೂವು ಮಾರುವವಳು. ಕೆ.ಆರ್. ಮಾರ್ಕೆಟ್ಟಿಗೆ ಕತ್ತಲಲ್ಲೇ ಹೋಗಿ ಹೂವು ತಂದು, ಅಂಗಡಿ ಹೂಡುವ ಮುಂಚೆ ಇಲ್ಲಿ ಎರಡು ಇಡ್ಲಿ ತಿನ್ನುತ್ತಾಳೆ. ಎಷ್ಟು ಕಾಲದಿಂದ ಎಂದು ಕೇಳಿದೆ. "ನನ್ ಮಗಳು ಹೊಟ್ಟೇಲಿದ್ದಾಗಿಂದ" ಎಂದಳು. ಆ ಮಗಳಿಗೆ ಈಗ ಮಕ್ಕಳಿದ್ದಾರೆ. ನಾನು ಪರದೆಯ ಹಿಂದೆ ಬನ್ಸಿಗೆ ಕಾಯುತ್ತಿದ್ದ ಕಾಲದಲ್ಲೂ ಇವಳಂಥವರು ಹೂವು, ಸೊಪ್ಪು, ಮೀನು ಮಾರಿ ಬಂದು ಹೋಟೆಲಿನ ಬೆಂಚಿನ ಮೇಲೋ ಮೆಟ್ಟಿಲ ಮೇಲೋ ಕೂತು, ತಮ್ಮ ದುಡ್ಡಿನಲ್ಲಿ ತಾವೇ ಹೇಳಿ ತರಿಸಿಕೊಂಡು ತಿಂದು ಹೋಗುತ್ತಿದ್ದರು. ಮನೆಯಲ್ಲಿ ಜಗಳವಾಯಿತಾ ಎಂದು ಅವರನ್ನು ಯಾರ ನಾದಿನಿಯೂ ಕೇಳಿರಲಾರಳು. "ಯಾಕೆ, ಮನೇಲಿ ತಿನ್ನಲ್ವಾ?" ಎಂದು ನಾನೇ ಕೇಳಿದೆ, ಎದುರುಮನೆಯವರ ದನಿ ನನ್ನ ಗಂಟಲಲ್ಲಿ ಬಂತು. "ಮನೇಲಿ ತಿಂದ್ರೆ ನಾನೇ ಮಾಡ್ಬೇಕಲ್ಲಕ್ಕಾ" ಎಂದಳು. ಬಂದ ಕಾಫಿಯನ್ನು ಎರಡು ಲೋಟಕ್ಕೂ ಕಣ್ಣಳತೆಯಲ್ಲಿ ಸರಿಮಾಡಿ, ನೊರೆ ಹೆಚ್ಚಿದ್ದನ್ನು ನನ್ನ ಕಡೆ ತಳ್ಳಿದಳು. ನೊರೆ ಹೆಚ್ಚಿದ್ದರಲ್ಲಿ ಕಾಫಿ ಕಮ್ಮಿ ಇರುತ್ತದೆ ಎಂಬುದು ಕುಡಿದ ಮೇಲೆ ಹೊಳೆಯಿತು. ವ್ಯಾಪಾರದವಳು.

ಇಲ್ಲಿ ಬಿಲ್ಲಿನ ಚೀಟಿ ಇಲ್ಲ. ತಿಂದು ಕೈತೊಳೆದು ಗಲ್ಲಾದ ಕಡೆ ಹೊರಟರೆ, ಸಪ್ಲೈಯರ್ ಎಲ್ಲಿದ್ದಾನೋ ಅಲ್ಲಿಂದಲೇ ಕೂಗುತ್ತಾನೆ. ಕೂಗಿಗೆ ಗುರುತು ಬೇಕಲ್ಲ. "ಕನ್ನಡಕ ಐವತ್ತೈದು!" "ನೀಲಿ ಶರ್ಟು ಎಪ್ಪತ್ತು!" "ಹೆಲ್ಮೆಟ್ ಇಬ್ರು, ನೂರಾ ನಲವತ್ತು!" ಬೊಕ್ಕತಲೆಯವರೊಬ್ಬರಿದ್ದಾರೆ. ಅವರಿಗೆ ಏನು ಗುರುತು ಹೇಳುತ್ತಾನೋ ಎಂದು ನನಗೆ ಆತಂಕವಿತ್ತು. ಅವನು "ಮೇಷ್ಟ್ರು ಅರವತ್ತು!" ಎಂದ. ಅವರು ಮೇಷ್ಟ್ರಲ್ಲವಂತೆ, ಕಂಟ್ರಾಕ್ಟರಂತೆ. ಆದರೂ ಅಂದಿನಿಂದ ಯಾರನ್ನೋ ತಿದ್ದುವವರ ಗಾಂಭೀರ್ಯದಲ್ಲೇ ಓಡಾಡುತ್ತಾರೆ. ಗಲ್ಲಾದ ಮುಂದೆ ಈಗ ಕ್ಯೂಆರ್ ಕೋಡಿನ ಹಲಗೆ. ದುಡ್ಡು ಬಿದ್ದ ತಕ್ಷಣ ಪುಟ್ಟ ಪೆಟ್ಟಿಗೆಯೊಳಗಿಂದ ಒಬ್ಬಳು ಮೊತ್ತವನ್ನು ಮತ್ತೊಮ್ಮೆ ಸಾರುತ್ತಾಳೆ. ಹೀಗೆ ನಾನು ಎಷ್ಟಕ್ಕೆ ತಿಂದೆ ಎಂಬುದು ಎರಡು ಸಲ ಊರಿಗೆಲ್ಲ ಗೊತ್ತಾಗುತ್ತದೆ. ಚಿಲ್ಲರೆಗೆ ಬದಲು ಕೊಡುತ್ತಿದ್ದ ಚಾಕಲೇಟು ಮಾತ್ರ ನಿಂತುಹೋಯಿತು, ಮೊಮ್ಮಗನಿಗೆ ಆ ಬಗ್ಗೆ ಅಸಮಾಧಾನವಿದೆ.

ನನ್ನ ಗುರುತು ಮೊದಲು "ಒಬ್ರೇ ಅಮ್ಮ" ಎಂದಿತ್ತು. "ಒಬ್ರೇ ಅಮ್ಮ ಎಂಬತ್ತು!" ಎಂದು ಅವನು ಕೂಗಿದಾಗ ಅರ್ಧ ಹೋಟೆಲು ತಿರುಗಿ, ನನಗೆ ಎಂಬತ್ತು ವಯಸ್ಸೇ ಎಂಬಂತೆ ನೋಡಿತ್ತು. ಬರಬರುತ್ತ ಅದು "ಮೂಲೆ ಅಮ್ಮ" ಆಯಿತು. ಈಗ ಬರೀ "ಅಮ್ಮ". ಬೇರೆ ಹೆಂಗಸರು ಬಂದರೆ ಅವರಿಗೆ ಸೀರೆಯ ಬಣ್ಣವನ್ನೋ ಬ್ಯಾಗನ್ನೋ ಹುಡುಕಿಕೊಳ್ಳುತ್ತಾನೆ.

ಕಳೆದ ತಿಂಗಳು ನಮ್ಮನೆಯವರು ಪೇಪರು ಮಡಚಿಟ್ಟು, "ಅಲ್ಲಿ ಅಂಥದ್ದೇನಿದೆ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು. ಸಪ್ಲೈಯರ್ ಬಾಗಿಲಲ್ಲಿ ಅವರನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯ ಮೇಜಿನಲ್ಲಿ ನನ್ನ ಎದುರಿನ ಕುರ್ಚಿ ಒರೆಸಿ ಕೊಟ್ಟ. ಪಾರಾಯಣ ಮುಗಿಸಿ ನನ್ನ ಕಡೆ ತಿರುಗಿ, "ಇವರಿಗೆ ಎಂತ ಕೊಡ್ಲಿ ಅಮ್ಮ?" ಎಂದು ಕೇಳಿದ. ನಾನು ನಮ್ಮನೆಯವರನ್ನು ಕೇಳಿದೆ. ಅವರು ರವೆ ದೋಸೆ ಎಂದು ನನಗೆ ಹೇಳಿದರು. "ಲೇಟಾಗ್ತದೆ" ಎಂದು ಅವನು ನನಗೆ ಹೇಳಿದ. ಲೇಟಾಗುತ್ತದಂತೆ ಎಂದು ನಾನು ಅವರಿಗೆ ಹೇಳಿದೆ. ಕೊನೆಗೆ ಇಬ್ಬರಿಗೂ ಮಸಾಲೆ ಬಂತು. ಅವರು ತಿಂದರು, ಚೆನ್ನಾಗಿದೆ ಎಂದರು. ಬಿಸಿ ದೋಸೆ ಅವರಿಗೆ ಹೊಸದಲ್ಲವಲ್ಲ. ನಾನು ನನ್ನದನ್ನು ಮುಗಿಸುವವರೆಗೂ ತಲೆ ಎತ್ತಲಿಲ್ಲ.

ಗಲ್ಲಾದ ಕಡೆ ಮೊದಲು ಹೊರಟವರು ಅವರು, ಪರ್ಸು ತೆಗೆದುಕೊಂಡು. ಹಿಂದಿನಿಂದ ಕೂಗು ಬಂತು:

"ಅಮ್ಮನ ಕಡೆಯವರು ಬರ್ತಾ ಇದ್ದಾರೆ, ಇಬ್ರದ್ದು ಸೇರಿ ನೂರಾ ಎಂಬತ್ತು!"

ಮನೆಗೆ ಬರುವ ದಾರಿಯಲ್ಲಿ ಅವರು ಪಾರ್ಕಿನ ಗೇಟು ದಾಟುವವರೆಗೂ ಏನೂ ಮಾತಾಡಲಿಲ್ಲ. ಆಮೇಲೆ, "ಕಡೆಯವರು ಅಂದ್ನಲ್ಲ ಅವನು" ಎಂದರು. ಇನ್ನಷ್ಟು ನಡೆದ ಮೇಲೆ, "ನಾಳೆ ಸ್ವಲ್ಪ ಬೇಗ ಹೊರಟ್ರೆ ರವೆ ದೋಸೆ ಸಿಗುತ್ತೇನೋ ಕೇಳ್ತೀಯಾ?" ಎಂದರು. ಕೇಳಿ ನೋಡುತ್ತೇನೆ ಎಂದಿದ್ದೇನೆ.